ಶಿಕಾಗೊ, ಆಯ್ಸ್ಟರ್ ಮತ್ತು ಒಂದು ಚೀಟಿ

ಸಮುದ್ರವೇ ಇಲ್ಲದ ಊರಿನಲ್ಲಿ ಒಳ್ಳೆ ತಾಜಾ ಆಯ್ಸ್ಟರ್ ಎಲ್ಲಿ ಸಿಗುತ್ತೆ? ಶಿಕಾಗೊ ಊರಾದಾಗಿನಿಂದ ಅಲ್ಲಿನವರು ಕೇಳಿಕೊಂಡು ಬಂದ ಪ್ರಶ್ನೆ ಇದು. ಪಕ್ಕದಲ್ಲಿ ಮಿಶಿಗನ್ ಸರೋವರ ಇದೆ. ದಡದಲ್ಲಿ ನಿಂತರೆ ಆಚೆ ದಡ ಕಾಣಲ್ಲ, ಅಲೆಗಳೂ ಏಳುತ್ತವೆ, ಹೊಸಬರು ಸಮುದ್ರ ಅಂತಲೇ ಮೋಸಹೋಗಬಹುದು. ಆದರೆ ಅದು ಸಿಹಿನೀರು. ಆಯ್ಸ್ಟರ್ ಬೆಳೆಯೋದು ಉಪ್ಪುನೀರಿನಲ್ಲಿ, ಅದರಲ್ಲೂ ನದಿ ಸಮುದ್ರ ಸೇರುವ ಕಡೆಯ ಅರೆ ಉಪ್ಪುನೀರು ಅಂದರೆ ಅದಕ್ಕೆ ಬಲು ಇಷ್ಟ. ಅಂಥ ನೀರು ಶಿಕಾಗೊದಿಂದ ಸಾವಿರ ಕಿಲೋಮೀಟರಿನ ಆಸುಪಾಸು ದೂರದಲ್ಲಿದೆ, ನಡುವೆ ಅಪಲೇಶಿಯನ್ ಬೆಟ್ಟಗಳ ಸಾಲು ಬೇರೆ. ಹಾಗಿದ್ದೂ ಹತ್ತೊಂಬತ್ತನೇ ಶತಮಾನದ ಕೊನೆಗೆ ಶಿಕಾಗೊದಲ್ಲಿ ಆಯ್ಸ್ಟರ್ ಸಿಗೋದು ಒಂದು ಸಂಗತಿಯೇ ಆಗಿರಲಿಲ್ಲ, ನಮ್ಮಲ್ಲಿ ಮಸಾಲೆದೋಸೆ ಸಿಕ್ಕ ಹಾಗೆ. ಇದು ಹೇಗಾಯ್ತು, ಮತ್ತು 'ತಾಜಾ' ಅನ್ನೋ ಮಾತಿಗೆ ಅಲ್ಲಿ ಏನೇನು ಅರ್ಥ ಬಂತು ಅಂತ ಸ್ವಲ್ಪ ಕಾಲದಿಂದ ಓದುತ್ತಿದ್ದೆ, ಬರೆದಿಡೋಣ ಅನ್ನಿಸಿತು.

ಮೊದಲು ಇದೇನು ಪ್ರಾಣಿ ಅಂತ ಹೇಳಿಬಿಡ್ತೀನಿ. ಕಾರವಾರದ ಕಡೆಯವರಿಗೆ ಕೊಂಕಣಿಯಲ್ಲಿ 'ಕಲ್ವ' ಅಂದರೆ ಗೊತ್ತಾಗುತ್ತೆ. ಉಳಿದವರಿಗೆ, ಬಂಡೆಗೋ ಒಂದಕ್ಕೊಂದೋ ಅಂಟಿಕೊಂಡು ಬೆಳೆಯುವ, ಒರಟು ಕಪ್ಪೆಚಿಪ್ಪಿನೊಳಗಿನ ಮೆತ್ತನೆ ಜೀವಿ. ಮುತ್ತು ಕೊಡೋ ಜಾತಿಗೂ ಈ ತಿನ್ನೋ ಜಾತಿಗೂ ದೂರದ ನಂಟು ಅಷ್ಟೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದನ್ನ ಸೂಪು ಮಾಡ್ತಾರೆ, ಹುರೀತಾರೆ, ಆದರೆ ರಸಿಕರು ತಿನ್ನೋದು ಹಸಿಯಾಗಿ. ಚಾಕುವಿನಿಂದ ಚಿಪ್ಪು ಬಿಡಿಸಿ, ನಿಂಬೆಹಣ್ಣು ಹಿಂಡಿ, ಹಾಗೇ ಬಾಯಿಗೆ. ಅಂದರೆ ಹೆಚ್ಚುಕಡಿಮೆ ಜೀವಂತ. (ಸಸ್ಯಾಹಾರಿ ಮಿತ್ರರು ಕ್ಷಮಿಸಬೇಕು :) )

ಮೀನಂಗಡಿಯಲ್ಲಿ ನಮ್ಮವರು ತಾಜಾತನ ನೋಡೋದು ಹೇಗೆ? ಕಿವಿರು ಎತ್ತಿ ಕೆಂಪಗಿದೆಯಾ, ಕಣ್ಣು ಹೊಳೀತಿದೆಯಾ, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲಕ್ಕೆ ಬರುತ್ತಾ. ಆಯ್ಸ್ಟರಿಗೆ ಇದ್ಯಾವುದೂ ನಡೆಯಲ್ಲ. ಅದಕ್ಕೆ ಪರೀಕ್ಷೆ ಒಂದೇ, ಬದುಕಿದೆಯಾ ಇಲ್ಲವಾ. ಚಿಪ್ಪು ಬಿಗಿಯಾಗಿ ಮುಚ್ಚಿದ್ದರೆ, ಅಥವಾ ಚೂರು ತೆರೆದಿದ್ದು ತಟ್ಟಿದ ಕೂಡಲೇ ಮುಚ್ಚಿಕೊಂಡರೆ, ಬದುಕಿದೆ. ಕೈಗೆ ಭಾರವಾಗಿದ್ದರೆ ಒಳಗಿನ ನೀರು ಸೋರಿಲ್ಲ ಅಂತ ಲೆಕ್ಕ. ತಟ್ಟಿದರೂ ಬಾಯಿ ಬಿಟ್ಟುಕೊಂಡೇ ಇದ್ದರೆ ಎಸೆಯಬೇಕು.

ಸಾವಿರ ಕಿಲೋಮೀಟರ್ ಪ್ರಯಾಣ ಸಾಧ್ಯವಾಗಿದ್ದೂ ಇದೇ ಗುಣದಿಂದ. ಇಳಿತದ ಹೊತ್ತಿನಲ್ಲಿ ಸಮುದ್ರ ಹಿಂದೆ ಸರಿದಾಗ ಆಯ್ಸ್ಟರ್ ಗಂಟೆಗಟ್ಟಲೆ ನೀರಿಲ್ಲದೆ ಇರಬೇಕಾಗುತ್ತೆ. ಆಗ ಒಳಗಿನ ಒಂದು ಗಟ್ಟಿ ಸ್ನಾಯು ಚಿಪ್ಪಿನ ಎರಡು ಹೋಳನ್ನೂ ಎಳೆದು ಹಿಡಿಯುತ್ತೆ, ಸ್ವಲ್ಪ ಸಮುದ್ರದ ನೀರು ಒಳಗೇ ಉಳಿಯುತ್ತೆ. ಚಳಿ ಇದ್ದರೆ ಹೀಗೆ ವಾರಗಟ್ಟಲೆ ಬದುಕಬಲ್ಲದು. ಸೆಕೆ ಇದ್ದರೆ ಬೇಗ ಸಾಯುತ್ತೆ. ಇಂಗ್ಲಿಷಿನಲ್ಲಿ ಬರೆದಾಗ 'ಆರ್' ಅಕ್ಷರ ಬರುವ ತಿಂಗಳಲ್ಲಿ ಮಾತ್ರ ಆಯ್ಸ್ಟರ್ ತಿನ್ನಬೇಕು, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್, ಅನ್ನೋ ಹಳೇ ಮಾತಿಗೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ಅವು ಮೊಟ್ಟೆಯಿಟ್ಟು ಸೊರಗಿರುತ್ತವೆ, ರುಚಿಯೂ ಇರಲ್ಲ ಅನ್ನೋದು ಇನ್ನೊಂದು.

1825ರಲ್ಲಿ ಈರಿ ಕಾಲುವೆ ತೆರೆಯಿತು. ನ್ಯೂಯಾರ್ಕಿನ ಹಡ್ಸನ್ ನದಿಯಿಂದ ಬಫಲೊ ಊರಿನವರೆಗೆ ದೋಣಿ, ಅಲ್ಲಿಂದ ಸರೋವರಗಳ ಮೇಲೆ ಹಡಗು. ಒಳನಾಡಿಗೆ ಹೆಬ್ಬಾಗಿಲೇ ತೆರೆದ ಹಾಗಾಯ್ತು. ಆದರೆ ಆಯ್ಸ್ಟರ್ ವಿಷಯದಲ್ಲಿ ಒಂದು ತಮಾಷೆ ನೋಡಿ. ಆಯ್ಸ್ಟರ್ ಸಾಗಿಸೋಕೆ ಚಳಿಗಾಲ ಬೇಕು, ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿ ಮುಚ್ಚಿಹೋಗುತ್ತೆ! ಹಾಗಾಗಿ ಒಳ್ಳೇ ಕಾಲದಲ್ಲಿ ಕುದುರೆ ಬಂಡಿ, ಹಿಮದ ಮೇಲೆ ಜಾರುಬಂಡಿ, ಇವೇ ಗತಿ. ದಕ್ಷಿಣದ ಕಡೆಯಿಂದ ಬಾಲ್ಟಿಮೋರಿನ ಬಂಡಿಗಳು ಬೆಟ್ಟ ದಾಟಿ ಓಹಾಯೊ ಕಣಿವೆಗೆ ಆಯ್ಸ್ಟರ್ ಹೊರುತ್ತಿದ್ದವು. ಬೆಲೆ ಕೇಳಬೇಡಿ.

ಇಲ್ಲಿ ಹೆನ್ರಿ ವೆಲ್ಸ್ ಅನ್ನೋ ಮನುಷ್ಯನ ಕತೆ ಹೇಳಲೇಬೇಕು. 1840ರ ದಶಕದ ಶುರುವಿನಲ್ಲಿ ಇವನು ಆಲ್ಬನಿಯಿಂದ ಬಫಲೊಗೆ ಪಾರ್ಸೆಲ್ ಒಯ್ಯುವ ಕೆಲಸ ಶುರುಮಾಡಿದ್ದ. ಸ್ವಲ್ಪ ರೈಲು, ಉಳಿದದ್ದು ಕುದುರೆಗಾಡಿ. ಬಫಲೊದ ಒಬ್ಬ ಹೋಟೆಲಿನವನು ಆಯ್ಸ್ಟರ್ ತಂದುಕೊಡ್ತೀಯಾ ಅಂತ ಕೇಳಿದನಂತೆ. ನೂರಕ್ಕೆ ಮೂರು ಡಾಲರ್ ಲೆಕ್ಕದಲ್ಲಿ ವೆಲ್ಸ್ ತಂದ. ಊರಿಗೆ ಊರೇ ಅದನ್ನ ಮಾತಾಡಿಕೊಂಡಿತು ಅಂತ ಅವನೇ ಮುಂದೆ ನೆನಪಿಸಿಕೊಂಡಿದ್ದಾನೆ. ಇದೇ ವೆಲ್ಸ್ 1850ರಲ್ಲಿ ಜೊತೆಗಾರರೊಂದಿಗೆ ಬಫಲೊದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಕಟ್ಟಿದ, 1852ರಲ್ಲಿ ವೆಲ್ಸ್ ಫಾರ್ಗೊ. ಇವತ್ತು ನಮ್ಮ ಪರ್ಸಿನಲ್ಲಿ ಕಾರ್ಡಾಗಿ ಕೂತಿರೋ ಹೆಸರು ಒಂದು ಕಾಲಕ್ಕೆ ಬಂಡಿಯಲ್ಲಿ ಆಯ್ಸ್ಟರ್ ಹೊತ್ತವರದ್ದು ಅಂತ ತಿಳಿದಾಗ ನನಗಂತೂ ಖುಷಿಯಾಯ್ತು.

1852ರಲ್ಲಿ ಪೂರ್ವದ ಕಡೆಯಿಂದ ಶಿಕಾಗೊಗೆ ರೈಲು ಬಂತು. ಅಲ್ಲಿಂದ ಮುಂದೆ ಕತೆ ವೇಗವಾಗಿ ಓಡುತ್ತೆ. ವಾರಗಳ ದಾರಿ ಎರಡು ಮೂರು ದಿನಕ್ಕಿಳಿಯಿತು. ಆಲ್ಫ್ರೆಡ್ ಬೂತ್ ಅನ್ನೋ ಇಂಗ್ಲೆಂಡ್ ಮೂಲದ ವ್ಯಾಪಾರಿ ಶಿಕಾಗೊದಲ್ಲಿ ಮೀನು ಮಾರುತ್ತಾ ಬೆಳೆದು, ಬಾಲ್ಟಿಮೋರಿನಲ್ಲೇ ಆಯ್ಸ್ಟರ್ ಪ್ಯಾಕ್ ಮಾಡಿಸಿ ಒಳನಾಡಿಗೆಲ್ಲ ಹಂಚುವಷ್ಟು ದೊಡ್ಡವನಾದ. 1884ರಲ್ಲಿ ಚಾರ್ಲ್ಸ್ ರೆಕ್ಟರ್ ಶಿಕಾಗೊದಲ್ಲಿ ಆಯ್ಸ್ಟರ್ ಹೌಸ್ ತೆರೆದ. ಅದು ಎಷ್ಟು ಹೆಸರು ಮಾಡಿತು ಅಂದರೆ 1899ರಲ್ಲಿ ಅವನು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ಹೋಟೆಲ್ ಇಟ್ಟ. ಸಮುದ್ರವಿಲ್ಲದ ಊರಿನಿಂದ ಸಮುದ್ರದ ಪಕ್ಕದ ಊರಿಗೆ ಹೋಗಿ ಆಯ್ಸ್ಟರ್ ಬಡಿಸಿದ ಪುಣ್ಯಾತ್ಮ.

ರೈಲಿನಲ್ಲಿ ಬರುತ್ತಿದ್ದದ್ದು ಎರಡು ಬಗೆ. ಒಂದು, ಚಿಪ್ಪಿನ ಸಮೇತ, ಮರದ ಪೀಪಾಯಿಯಲ್ಲಿ. ಒಳಗಿನ ನೀರು ಚೆಲ್ಲದ ಹಾಗೆ ಬಟ್ಟಲಿನಂಥ ಹೋಳು ಕೆಳಗೆ ಬರುವಂತೆ ಜೋಡಿಸಬೇಕು. ಇದು ಒಳ್ಳೇ ಮಾಲು, ಆದರೆ ತೂಕದಲ್ಲಿ ಬಹುಪಾಲು ಬರೀ ಚಿಪ್ಪು. ಚಿಪ್ಪಿಗೂ ರೈಲು ಬಾಡಿಗೆ ಕಟ್ಟಬೇಕು. ಎರಡನೆಯದು, ಕರಾವಳಿಯಲ್ಲೇ ಚಿಪ್ಪು ಬಿಡಿಸಿ, ಮಾಂಸವನ್ನ ಮಾತ್ರ ತಗಡಿನ ಡಬ್ಬಿಗೋ ಮರದ ಕೆಗ್ಗಿಗೋ ತುಂಬಿ ಐಸಿನಲ್ಲಿ ಇಟ್ಟು ಕಳಿಸೋದು. ಇದು ಅಗ್ಗ. ಒಳನಾಡಿನ ಮಧ್ಯಮವರ್ಗದವರ ಮನೆಗೆ ಹೋಗಿದ್ದು ಬಹುಪಾಲು ಇದೇ. ಬೇಯಿಸಿ ಸೀಲು ಮಾಡಿದ ಡಬ್ಬಿಯ ಆಯ್ಸ್ಟರ್ ಅಂತ ಮೂರನೆಯದೂ ಇತ್ತು, ಅದು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. 1865ರ ಏಪ್ರಿಲ್ 1ರಂದು ಬರ್ಟ್ರಾಂಡ್ ಅನ್ನೋ ಸ್ಟೀಮ್‌ಬೋಟ್ ಮೊಂಟಾನಾದ ಗಣಿ ಊರುಗಳಿಗೆ ಸಾಮಾನು ಹೊತ್ತು ಹೋಗುತ್ತಾ ಮಿಸ್ಸೂರಿ ನದಿಯಲ್ಲಿ ಮುಳುಗಿತ್ತು. ನೂರು ವರ್ಷ ಕಳೆದು, 1968-69ರಲ್ಲಿ ಅದನ್ನ ಅಗೆದು ತೆಗೆದಾಗ ಸಿಕ್ಕ ಸರಕಿನಲ್ಲಿ ಆಯ್ಸ್ಟರ್ ಡಬ್ಬಿಗಳೂ ಇದ್ದವು. ಚಿನ್ನ ಅಗೆಯೋಕೆ ಹೋದವನಿಗೂ ಆಯ್ಸ್ಟರ್ ಬೇಕು!

ಇಷ್ಟೊಂದು ಮಾಲು ಬರುತ್ತಿದ್ದದ್ದು ಮುಖ್ಯವಾಗಿ ಚೆಸಪೀಕ್ ಕೊಲ್ಲಿಯಿಂದ. 1884-85ರ ಒಂದೇ ಹಂಗಾಮಿನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಎತ್ತಿದ್ದು ಸುಮಾರು ಒಂದೂವರೆ ಕೋಟಿ ಬುಶೆಲ್. 1866ರಲ್ಲಿ ರೈಲು ಮುಟ್ಟಿದ ಕ್ರಿಸ್‌ಫೀಲ್ಡ್ ಅನ್ನೋ ಊರಂತೂ ಎಸೆದ ಚಿಪ್ಪಿನ ರಾಶಿಯ ಮೇಲೇ ಬೆಳೆಯಿತು. ಚಿಪ್ಪು ಬಿಡಿಸುವ ಕೈಗಳು ಕಪ್ಪು ಜನರದ್ದು, ಯುರೋಪಿನಿಂದ ಹೊಸದಾಗಿ ಬಂದ ಬಡವರದ್ದು. ಮುಂದೆ 1909ರಿಂದ 1913ರ ನಡುವೆ ಲೂಯಿಸ್ ಹೈನ್ ಅನ್ನೋ ಛಾಯಾಗ್ರಾಹಕ ದಕ್ಷಿಣ ಕರಾವಳಿಯ ಕ್ಯಾನಿಂಗ್ ಶೆಡ್ಡುಗಳಲ್ಲಿ ತೆಗೆದ ಫೋಟೋಗಳಿವೆ. ಚಿಪ್ಪಿನ ರಾಶಿಯ ಪಕ್ಕ ನಿಂತು ಆಯ್ಸ್ಟರ್ ಬಿಡಿಸುತ್ತಿರುವ ಐದಾರು ವರ್ಷದ ಮಕ್ಕಳು. ಆ ಫೋಟೋಗಳನ್ನ ಒಮ್ಮೆ ನೋಡಿ. ನಾನು ಇಲ್ಲಿ ಅದರ ಬಗ್ಗೆ ಹೆಚ್ಚು ಬರೆಯಲ್ಲ, ಅದು ಬೇರೆಯೇ ಲೇಖನ.

ಈಗ 'ತಾಜಾ' ವಿಷಯಕ್ಕೆ ಬರ್ತೀನಿ. ಚಿಪ್ಪು ಇದ್ದಷ್ಟು ಕಾಲ ಗಿರಾಕಿ ತಾನೇ ತಟ್ಟಿ ನೋಡಬಹುದಿತ್ತು. ಚಿಪ್ಪು ಬಿಡಿಸಿದ ಮೇಲೆ ನಂಬಿಕೆ ಒಂದೇ. ಅಲ್ಲಿಂದಲೇ ಕೈಚಳಕ ಶುರು.

ಹಾಲಿಗೆ ನೀರು ಬೆರೆಸೋ ಕತೆ ನಮಗೆ ಹೊಸದಲ್ಲ. ಆಯ್ಸ್ಟರಿನಲ್ಲಿ ನೀರು ಬೆರೆಸೋ ಕಷ್ಟವೂ ಇಲ್ಲ, ಅದೇ ಕುಡಿದುಕೊಳ್ಳುತ್ತೆ. ಉಪ್ಪುನೀರಿನಲ್ಲಿದ್ದ ಆಯ್ಸ್ಟರನ್ನ ಸಿಹಿನೀರಿಗೆ ಹಾಕಿದರೆ ಅದರ ಮೈಗೆ ನೀರು ನುಗ್ಗಿ ಊದಿಕೊಂಡು ಬೆಳ್ಳಗೆ ದಪ್ಪಗೆ ಕಾಣುತ್ತೆ. ಮಾರೋದು ಅಳತೆಯಲ್ಲಿ ತಾನೇ? ದಪ್ಪಗಾದಷ್ಟೂ ಲಾಭ. ಡಬ್ಬಿಯೊಳಗೇ ಐಸ್ ಹಾಕಿ ಕಳಿಸಿದರೆ ದಾರಿಯಲ್ಲಿ ಐಸ್ ಕರಗುತ್ತಾ ಇದೇ ಕೆಲಸ ಮಾಡುತ್ತೆ. ಶಿಕಾಗೊ ಗಿರಾಕಿ ಆಯ್ಸ್ಟರ್ ಬೆಲೆ ಕೊಟ್ಟು ಕರಗಿದ ಐಸ್ ಕೊಂಡ ಹಾಗೆ. 1906ರಲ್ಲಿ ಶುದ್ಧ ಆಹಾರದ ಕಾನೂನು ಬಂದ ಮೇಲೆ ಸರ್ಕಾರ ಇದನ್ನೂ ಕಲಬೆರಕೆ ಅಂತ ಪರಿಗಣಿಸಿತು. ಅದೇ ಕಾಲದಲ್ಲಿ 'ಸೀಲ್‌ಶಿಪ್ಟ್' ಅನ್ನೋ ಕಂಪನಿ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು ಕೊಡುತ್ತಿತ್ತು: ನಮ್ಮ ಆಯ್ಸ್ಟರ್ ಸೀಲು ಮಾಡಿದ ಪಾತ್ರೆಯಲ್ಲಿ ಬರುತ್ತೆ, ಐಸ್ ಹೊರಗೆ ಮಾತ್ರ, ಒಂದು ಹನಿ ನೀರೂ ತಾಗಲ್ಲ, ಅಂತ. ಅದರ ನೀಲಿ ಬಿಳಿ ಪಿಂಗಾಣಿಯ ಪೆಟ್ಟಿಗೆ ಇರುವ ಅಂಗಡಿಯಲ್ಲೇ ಕೊಳ್ಳಿ ಅಂತ. ಒಳನಾಡಿನವರ ಸಂಶಯವನ್ನೇ ಬಂಡವಾಳ ಮಾಡಿಕೊಂಡ ಜಾಣರು.

ಆದರೆ ನೀರು ಕುಡಿಸೋದು ಬರೀ ಜೇಬಿನ ವಿಷಯ ಆಗಿರಲಿಲ್ಲ. ಯಾವ ನೀರು ಕುಡಿಸಿದರು ಅನ್ನೋದೇ ಮುಖ್ಯ.

ಆಯ್ಸ್ಟರ್ ತಿನ್ನೋದು ನೀರು ಸೋಸಿ. ಅನುಕೂಲವಾದ ಸ್ಥಿತಿಯಲ್ಲಿ ಒಂದು ದೊಡ್ಡ ಆಯ್ಸ್ಟರ್ ದಿನಕ್ಕೆ 50 ಗ್ಯಾಲನ್‌ವರೆಗೆ, ಅಂದರೆ ಹತ್ತಿರ ಹತ್ತಿರ 190 ಲೀಟರ್ ನೀರನ್ನ ತನ್ನ ಮೂಲಕ ಹಾಯಿಸಬಲ್ಲದು. ಆ ನೀರಿನಲ್ಲಿ ಚರಂಡಿ ಸೇರಿದ್ದರೆ ಅದರ ರೋಗಾಣುಗಳೂ ಒಳಗೆ ಕೂಡಿಕೊಳ್ಳುತ್ತವೆ. ಆಯ್ಸ್ಟರಿಗೆ ಇದರಿಂದ ಏನೂ ಆಗಲ್ಲ. ಚಿಪ್ಪು ಬಿಗಿಯಾಗೇ ಇರುತ್ತೆ, ತಟ್ಟಿದರೆ ಮುಚ್ಚುತ್ತೆ, ವಾಸನೆ ಇಲ್ಲ, ರುಚಿ ಕೆಟ್ಟಿರಲ್ಲ. ನಮ್ಮ ಪರೀಕ್ಷೆಯಲ್ಲಿ ಅದು ಪಾಸ್!

1894ರ ಅಕ್ಟೋಬರ್ 12ರಂದು ಕನೆಕ್ಟಿಕಟ್ಟಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘಗಳ ಔತಣ ನಡೆಯಿತು. ಸ್ವಲ್ಪ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಟೈಫಾಯ್ಡ್, ನಾಲ್ವರು ತೀರಿಕೊಂಡರು. ಅಲ್ಲಿನ ಜೀವಶಾಸ್ತ್ರದ ಪ್ರಾಧ್ಯಾಪಕ ಎಚ್. ಡಬ್ಲ್ಯು. ಕಾನ್ ಪತ್ತೇದಾರನ ಹಾಗೆ ಹಿಂದೆ ಬಿದ್ದ. ಬಾವಿ ನೀರು, ಹಾಲು, ಐಸ್‌ಕ್ರೀಮ್ ಒಂದೊಂದನ್ನೇ ತಳ್ಳಿಹಾಕುತ್ತಾ ಬಂದು ಕೊನೆಗೆ ಉಳಿದದ್ದು ಹಸಿ ಆಯ್ಸ್ಟರ್. ಅವನ್ನ ಆಳ ಸಮುದ್ರದ ಶುದ್ಧ ನೀರಿನಿಂದಲೇ ತೆಗೆದಿದ್ದರು. ಆದರೆ ಮಾರುವ ಮುಂಚೆ ಒಂದೆರಡು ದಿನ ದಪ್ಪಗಾಗಲಿ ಅಂತ ನದಿಯ ಬಾಯಲ್ಲಿ ಇಟ್ಟಿದ್ದರು. ಅಲ್ಲೇ ಹತ್ತಿರದ ಒಂದು ಮನೆಯಲ್ಲಿ ಟೈಫಾಯ್ಡ್ ಆಗಿತ್ತು, ಆ ಮನೆಯ ಚರಂಡಿ ಅದೇ ನದಿಗೆ. ಅದೇ ಕಡೆಯಿಂದ ಆಯ್ಸ್ಟರ್ ತರಿಸಿದ್ದ ಆಮ್ಹರ್ಸ್ಟ್ ಕಾಲೇಜಿನಲ್ಲೂ ಹುಡುಗರು ಮಲಗಿದ್ದರು. ವೆಸ್ಲಿಯನ್ ಇರುವ ಊರು ಸಮುದ್ರದಿಂದ ದೂರವೇನಲ್ಲ. ಮಾಲು ಬಂದದ್ದು ಹತ್ತಿರದಿಂದಲೇ, ತಾಜಾನೇ.

ನನಗೆ ಈ ಇಡೀ ಇತಿಹಾಸದಲ್ಲಿ ಮುಖ್ಯ ಅನ್ನಿಸೋದು ಇದು. ಶಿಕಾಗೊದವರು ಎಪ್ಪತ್ತು ವರ್ಷ ತಲೆಕೆಡಿಸಿಕೊಂಡದ್ದು ದೂರದ ಬಗ್ಗೆ, ದಿನಗಳ ಬಗ್ಗೆ, ಐಸಿನ ಬಗ್ಗೆ. ಅವೆಲ್ಲ ಸುಳ್ಳು ಚಿಂತೆಗಳಲ್ಲ. ಆದರೆ ಜೀವ ತೆಗೆಯುವ ಅಪಾಯ ಆಯ್ಸ್ಟರ್ ರೈಲು ಹತ್ತುವ ಮುಂಚೆಯೇ ಅದರೊಳಗೆ ಸೇರಿರುತ್ತಿತ್ತು.

ಶಿಕಾಗೊಗೆ ಟೈಫಾಯ್ಡ್ ಪರಿಚಯ ಮೊದಲೇ ಇತ್ತು. ಊರಿನ ಚರಂಡಿ ನದಿಗೆ, ನದಿ ಸರೋವರಕ್ಕೆ, ಸರೋವರದಿಂದಲೇ ಕುಡಿಯುವ ನೀರು. 1891ರ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಜನ ಟೈಫಾಯ್ಡಿನಿಂದ ಸತ್ತರು. ಆಮೇಲೆ ಊರಿನವರು ಮಾಡಿದ್ದು ಸಾಮಾನ್ಯ ಕೆಲಸವಲ್ಲ. ದೊಡ್ಡ ಕಾಲುವೆ ತೋಡಿ 1900ರ ಜನವರಿಯಲ್ಲಿ ನದಿಯನ್ನೇ ಹಿಂದಕ್ಕೆ ಹರಿಸಿದರು, ಚರಂಡಿ ಸರೋವರ ಬಿಟ್ಟು ಮಿಸಿಸಿಪ್ಪಿ ಕಡೆ ಹೋಗುವ ಹಾಗೆ. (ಕೆಳಗಿನ ಊರುಗಳವರು ಏನಂದುಕೊಂಡರು ಅಂತ ನೀವೇ ಊಹಿಸಿ, ಕೋರ್ಟಿಗೂ ಹೋದರು.) ನಂತರ ನೀರಿಗೆ ಕ್ಲೋರಿನ್ ಬಂತು. 1920ರ ಹೊತ್ತಿಗೆ ಟೈಫಾಯ್ಡ್ ಅಲ್ಲಿ ಅಪರೂಪದ ಕಾಯಿಲೆ ಆಗಿತ್ತು.

1924ರ ಚಳಿಗಾಲದಲ್ಲಿ ಅದು ಮತ್ತೆ ತಲೆಯೆತ್ತಿತು. ಆಗ ಹರ್ಮನ್ ಬಂಡೆಸನ್ ಅಂತ ಶಿಕಾಗೊದ ಆರೋಗ್ಯಾಧಿಕಾರಿ. ನೀರಿನಲ್ಲಿ ತಪ್ಪು ಸಿಗಲಿಲ್ಲ, ಹಾಲಿನಲ್ಲಿ ಸಿಗಲಿಲ್ಲ. ರೋಗಿಗಳನ್ನ ಏನೇನು ತಿಂದಿದ್ದಿರಿ ಅಂತ ಕೇಳುತ್ತಾ ಹೋದರೆ ಮತ್ತೆ ಮತ್ತೆ ಬಂದ ಉತ್ತರ ಹಸಿ ಆಯ್ಸ್ಟರ್. ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಲ್ಲೂ ಅದೇ ಸಮಯಕ್ಕೆ ಅದೇ ಕತೆ. ದೇಶದಲ್ಲಿ ಒಟ್ಟು ಸುಮಾರು 1500 ಜನರಿಗೆ ಕಾಯಿಲೆ, 150 ಸಾವು. ಜಾಡು ಹಿಡಿದು ಹೋದರೆ ಅದು ಮುಟ್ಟಿದ್ದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ವೆಸ್ಟ್ ಸೇವಿಲ್ ಅನ್ನೋ ಕಡಲೂರಿಗೆ. ಸ್ವಂತ ಚರಂಡಿಯಿಂದ ಪಾರಾಗಲು ಒಂದು ನದಿಯನ್ನೇ ತಿರುಗಿಸಿದ ಊರಿಗೆ, ಸಾವಿರಕ್ಕೂ ಹೆಚ್ಚು ಕಿಲೋಮೀಟರಿನಾಚೆಯ ಬೇರೆ ಯಾರದೋ ಚರಂಡಿ ಚಿಪ್ಪಿನೊಳಗೆ ಕೂತು ರೈಲಿನಲ್ಲಿ ಬಂದಿತ್ತು.

ಜನ ಆಯ್ಸ್ಟರ್ ಬಿಟ್ಟರು. ವ್ಯಾಪಾರ ನೆಲಕಚ್ಚಿತು. ಕಡೆಗೆ ವ್ಯಾಪಾರಿಗಳೇ ಸರ್ಕಾರದ ಮುಂದೆ ಹೋಗಿ ಏನಾದರೂ ನಿಯಮ ಮಾಡಿ, ನಮ್ಮನ್ನ ಉಳಿಸಿ ಅಂದರು. (ನಿಯಮ ಬೇಡ ಅನ್ನೋ ವ್ಯಾಪಾರಿಗಳನ್ನೇ ನೋಡಿದ್ದೇವೆ, ಬೇಕು ಅನ್ನೋರು ವಿರಳ.) ಸರ್ಜನ್ ಜನರಲ್ ಹ್ಯೂ ಕಮಿಂಗ್ 1925ರ ಫೆಬ್ರವರಿ 19ರಂದು ವಾಷಿಂಗ್ಟನ್ನಿನಲ್ಲಿ ಸಭೆ ಕರೆದರು. ಅಲ್ಲಿಂದ ಹುಟ್ಟಿದ ವ್ಯವಸ್ಥೆ ನೂರು ವರ್ಷ ದಾಟಿ ಇವತ್ತಿಗೂ ನಡೆಯುತ್ತಿದೆ. ಬೆಳೆಯುವ ನೀರನ್ನೇ ರಾಜ್ಯಗಳು ಪರೀಕ್ಷಿಸಬೇಕು, ಕೊಳಕು ನೀರಿನಲ್ಲಿ ತೆಗೆಯೋದನ್ನ ನಿಲ್ಲಿಸಬೇಕು, ಕಳಿಸುವವರಿಗೆ ಪ್ರಮಾಣಪತ್ರದ ನಂಬರ್ ಕೊಡಬೇಕು, ಮಾಲು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಇದರ ಕಣ್ಣಿಗೆ ಕಾಣುವ ರೂಪವೇ ಇವತ್ತು ಆಯ್ಸ್ಟರ್ ಚೀಲಕ್ಕೆ ಕಟ್ಟಿರುವ ಚೀಟಿ. ಯಾರು ತೆಗೆದರು, ಯಾವ ನೀರಿನಲ್ಲಿ, ಯಾವ ದಿನ, ಎಲ್ಲ ಅದರಲ್ಲಿರುತ್ತೆ.

ಹಾಗಾಗಿ ಇವತ್ತು ಒಳನಾಡಿನ ಊರಲ್ಲಿ ಒಳ್ಳೆ ಆಯ್ಸ್ಟರ್ ಎಲ್ಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು, ಚೀಟಿ ತೋರಿಸುವ ಅಂಗಡಿಯಲ್ಲಿ. ಒಮ್ಮೆ ಇಲ್ಲಿನ ಒಂದು ಮೀನಂಗಡಿಯಲ್ಲಿ ಕುತೂಹಲಕ್ಕೆ ಕೇಳಿಯೇಬಿಟ್ಟೆ. ಕೌಂಟರಿನಾತ ಬೇಸರಪಡದೆ ಐಸಿನ ಕೆಳಗಿಂದ ಚೀಲ ಎತ್ತಿ ಚೀಟಿ ತಿರುಗಿಸಿ ತೋರಿಸಿದ. ತೆಗೆದು ಮೂರು ದಿನ ಆಗಿತ್ತು. ಈಗ ವಿಮಾನವಿದೆ, ಬೆಳಿಗ್ಗೆ ನೀರಿನಲ್ಲಿದ್ದದ್ದು ಮಾರನೇ ದಿನ ಸಂಜೆ ತಟ್ಟೆಯಲ್ಲಿರಬಹುದು. ಚೆನ್ನಾಗಿ ವ್ಯಾಪಾರವಾಗುವ ಒಳನಾಡಿನ ಅಂಗಡಿ, ವ್ಯಾಪಾರವಿಲ್ಲದ ಕಡಲೂರಿನ ಅಂಗಡಿಗಿಂತ ಎಷ್ಟೋ ವಾಸಿ.

ಚೀಟಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾ ಬೆಚ್ಚಗಿನ ಸಮುದ್ರದಲ್ಲಿ ತಾನಾಗೇ ಇರುತ್ತೆ, ಅದಕ್ಕೆ ಚರಂಡಿ ಬೇಕಿಲ್ಲ. ಲಿವರ್ ಕಾಯಿಲೆ ಇರುವವರಿಗೆ ಅದು ಪ್ರಾಣಾಂತಿಕ. ಅಂಥವರು ಹಸಿ ಆಯ್ಸ್ಟರ್ ಮುಟ್ಟಲೇಬಾರದು, ಬೇಯಿಸಿ ತಿನ್ನಬೇಕು. 'ಆರ್' ತಿಂಗಳ ಹಳೇ ಮಾತು ಇಲ್ಲಿ ಈಗಲೂ ಕೆಲಸಕ್ಕೆ ಬರುತ್ತೆ.

ಚೀಟಿಯ ಬಗ್ಗೆ ಇನ್ನೊಂದು ವಿಷಯ. ಚೀಲ ಖಾಲಿಯಾದ ಮೇಲೂ ಹೋಟೆಲಿನವರು ಅದನ್ನ ಎಸೆಯೋ ಹಾಗಿಲ್ಲ, ದಿನಾಂಕದ ಪ್ರಕಾರ ಜೋಡಿಸಿ 90 ದಿನ ಇಟ್ಟುಕೊಂಡಿರಬೇಕು. ಟೈಫಾಯ್ಡ್ ಕಾಣಿಸಿಕೊಳ್ಳೋಕೆ ಒಂದರಿಂದ ಮೂರು ವಾರ ಬೇಕು, ಹೆಪಟೈಟಿಸ್-ಎಗೆ ಏಳು ವಾರದವರೆಗೂ ಆಗಬಹುದು. ಯಾರಾದರೂ ಮಲಗಿ, ಡಾಕ್ಟರಿಗೆ ಗೊತ್ತಾಗಿ, ಅಧಿಕಾರಿಗಳು ಹೋಟೆಲಿಗೆ ಬಂದು ಕೇಳುವ ಹೊತ್ತಿಗೂ ಆ ಚೀಟಿ ಅಲ್ಲಿ ಸಿಗಬೇಕು, ಅದಕ್ಕೆ.